ಹೊಸ್ತಿಲ ಕಲ್ಲು

ಜೂನ್ 4

ಮೊಂಡಿ,

ಫೋನ್ ಮಾಡಿದರೆ ನಡುನಡುವೆ ಬಾಯಿ ಹಾಕುತ್ತೀಯ, ಆಮೇಲೆ ‘ಸಿಗ್ನಲ್ ಇಲ್ಲ ದೊಡ್ಡಮ್ಮ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಕೂತು ಪೂರ್ತಿ ಓದು.

ಇವತ್ತು ಬೆಳಿಗ್ಗೆ ಗಾರೆಯವನು ಬಂದಿದ್ದ. ನಿನ್ನ ದೊಡ್ಡಪ್ಪನ ಗಾಲಿಕುರ್ಚಿ ಹೊರಗೆ ಹೋಗಬೇಕಲ್ಲ, ಅದಕ್ಕೆ ಮುಂಬಾಗಿಲನ್ನು ಅಗಲ ಮಾಡಿ, ಹೊಸ್ತಿಲ ಕಲ್ಲು ಕಿತ್ತು, ಮೆಟ್ಟಿಲ ಮೇಲೆ ಇಳಿಜಾರು ಹಾಕಿಸುವುದೆಂದು ಮಾತಾಗಿತ್ತು. ನಿನ್ನ ಅಮ್ಮನಿಗೆ ಹೇಳಿದ್ದೆ. ಅವಳು ನಿನಗೆ ಹೇಳಿದಳೋ, ನೀನು ಕಿವಿಗೆ ಹಾಕಿಕೊಂಡೆಯೋ, ನನಗೆ ಗೊತ್ತಿಲ್ಲ. ಮಾರ್ಚಿನಲ್ಲಿ ಅವರಿಗೆ ಲಕ್ವ ಹೊಡೆದ ಮೇಲೆ ಡಾಕ್ಟರು ಒಂದೇ ಮಾತು ಹೇಳಿದ್ದಾರೆ: “ಮೊದಲ ಆರು ತಿಂಗಳಲ್ಲಿ ಎಷ್ಟು ಆಡುತ್ತೋ ಅಷ್ಟೇ ಕೈ. ವ್ಯಾಯಾಮ ತಪ್ಪಿಸಬೇಡಿ.” ವ್ಯಾಯಾಮದ ಯಂತ್ರ ಇರುವುದು ಆಸ್ಪತ್ರೆಯಲ್ಲಿ. ಆಸ್ಪತ್ರೆ ಇರುವುದು ಹೊಸ್ತಿಲಿನ ಆಚೆ.

ಗಾರೆಯವನು ಉಳಿ ಇಟ್ಟು ಮೊದಲ ಏಟು ಹಾಕಿದ್ದನಷ್ಟೆ. ಇಬ್ಬರು ಬಂದರು. ಒಬ್ಬನ ಕೈಯಲ್ಲಿ ತಗಡಿನ ಬೋರ್ಡು, ಇನ್ನೊಬ್ಬನ ಕೈಯಲ್ಲಿ ಗೋಡೆ ಕೊರೆಯುವ ಯಂತ್ರ.

“ಯಾರಪ್ಪಾ ನೀವು?” ಎಂದೆ.

“ಪರಂಪರೆ ಸಮಿತಿಯಿಂದಮ್ಮ. ನಿಮ್ಮ ಮನೆ ಕಾಪಾಡಬೇಕಾದ ಹಳೇ ಮನೆಗಳ ಪಟ್ಟಿಗೆ ಸೇರಿದೆ. ಸಂತೋಷದ ಸುದ್ದಿ.”

ನನ್ನ ಗೋಡೆಗೆ ನನ್ನನ್ನು ಕೇಳದೆ ತೂತು ಹಾಕಿ ಬೋರ್ಡು ಬಡಿದರು. ಆಮೇಲೆ ಆ ಸಂತೋಷದ ಸುದ್ದಿ ಏನೆಂದು ಗೊತ್ತಾಯಿತು. “ಇನ್ಮೇಲೆ ಮುಂದಿನ ಗೋಡೆ, ಬಾಗಿಲು, ಕಿಟಕಿ, ಹೊಸ್ತಿಲು ಯಾವುದನ್ನೂ ಮುಟ್ಟೋ ಹಾಗಿಲ್ಲ. ಮುಟ್ಟಿದರೆ ಕೇಸು.” ಗಾರೆಯವನು ಚೀಲ ಕಟ್ಟಿದ. “ನನಗ್ಯಾಕಮ್ಮ ಈ ತಂಟೆ” ಎಂದು ತಿರುಗಿಯೂ ನೋಡದೆ ಹೋದ.

ನಾನು ಬಿಡಲಿಲ್ಲ. “ನಮ್ಮ ಮನೇಲಿ ಏನಿದೆ ಅಂತ ನಿಮಗೆ ಹೇಳಿದ್ದು ಯಾರು?” ಎಂದು ಗಂಟುಬಿದ್ದೆ. ಆತ ಒಂದು ದಪ್ಪ ಪುಸ್ತಕ ತೆರೆದು ತೋರಿಸಿದ. ನಮ್ಮ ಮನೆ. ಬಾಗಿಲಿನ ಪ್ರತಿ ಮೊಳೆ, ಕಿಟಕಿಯ ಪ್ರತಿ ಸರಳು, ಹೊಸ್ತಿಲ ಕಲ್ಲಿನಲ್ಲಿರುವ ಸವಕಲು ಕೂಡ ಇತ್ತು. ಕೆಳಗೆ ನಿನ್ನ ಹೆಸರು.

ಹೋದ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಉಂಡು, ಮಲಗಿ, ಗೋಡೆ ಗೋಡೆ ಅಳೆದೆ. ಕಾಲೇಜಿನ ಕೊನೆ ವರ್ಷದ ಕೆಲಸ ಎಂದೆ. ನಾನು ಬೈಂಡಿಂಗಿಗೆ ಬಂದ ಪುಸ್ತಕಗಳ ರಟ್ಟಿಗೆ ಅಂಟು ಹಚ್ಚುವ ಕೆಲಸ ಬಿಟ್ಟು ಬಂದು ನಿನ್ನ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದೆ. ನನ್ನ ಬಾಗಿಲನ್ನು ನನಗೇ ಮುಚ್ಚಿಸಲು ನಾನೇ ಟೇಪು ಹಿಡಿದೆ.

ಬೋರ್ಡು ಚೆನ್ನಾಗಿ ಹೊಳೆಯುತ್ತಿದೆ. ಬಂದು ನೋಡಿ ಖುಷಿಪಡು.

ದೊಡ್ಡಮ್ಮ


ಜೂನ್ 13

ದೊಡ್ಡಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಪೂರ್ತಿ ಓದಿದೆ. ಎರಡು ಸಲ ಓದಿದೆ.

ದೊಡ್ಡಪ್ಪನ ವಿಷಯದಲ್ಲಿ ನನಗೆ ನೋವಿಲ್ಲ ಎಂದುಕೊಂಡಿದ್ದರೆ ಅದು ನಿಮ್ಮ ಅನ್ಯಾಯ. ಆದರೆ ನೀವು ಒಂದು ವಿಷಯ ಮರೆತಿದ್ದೀರಿ. ಎರಡು ವರ್ಷದ ಹಿಂದೆ ಆ ಓಣಿಯನ್ನು ಪೂರ್ತಿ ಒಡೆದು ವಾಹನ ನಿಲ್ಲಿಸುವ ಕಟ್ಟಡ ಕಟ್ಟುವ ನಕ್ಷೆ ತಯಾರಾಗಿತ್ತು. ನಿಮ್ಮ ಮನೆ, ತಗಡಿನ ಕೆಲಸದವರ ಮನೆ, ಎದುರಿನ ಟೀ ಅಂಗಡಿ ಒಂದೂ ಅದರಲ್ಲಿ ಇರಲಿಲ್ಲ. ಆಗ ಓಣಿಯ ಜನ ಏನು ಮಾಡಿದಿರಿ? ಒಂದು ಅರ್ಜಿ ಬರೆದು, ಅದಕ್ಕೆ ಉತ್ತರ ಬರಲಿಲ್ಲವೆಂದು ಬೈಯುತ್ತಾ ಕೂತಿರಿ.

ನಾನು ಬೈಯುತ್ತಾ ಕೂರಲಿಲ್ಲ. ಪ್ರತಿ ಮನೆಯನ್ನೂ ಅಳೆದೆ. ಕೆಳಗೆ ಕೆಲಸ, ಮೇಲೆ ವಾಸ, ನಡುವೆ ಬೆಳಕಿನ ಬಾವಿಯಂಥ ತೆರಪು. ಇಂಥ ಓಣಿಯನ್ನು ಇವತ್ತು ಯಾರಿಗೂ ಕಟ್ಟಲು ಬರುವುದಿಲ್ಲ ಎಂದು ಎಳೆ ಎಳೆಯಾಗಿ ತೋರಿಸಿದೆ. ಓಣಿಯ ಕೊನೆಯ ಖಾಲಿ ಜಾಗದಲ್ಲಿ ಓಣಿಯವರಿಗೇ ಒಂದು ದೊಡ್ಡ ಕೆಲಸದ ಮನೆಯ ನಕ್ಷೆಯನ್ನೂ ಬರೆದೆ, ಅದೇ ಎತ್ತರ, ಅದೇ ಇಟ್ಟಿಗೆ. ಅದಕ್ಕೆ ಬಹುಮಾನ ಬಂತು. ನಮ್ಮ ಮೇಷ್ಟ್ರು ಸಮಿತಿಯ ಸದಸ್ಯರು, ಅವರು ಅದನ್ನು ಅಲ್ಲಿಗೆ ಒಯ್ದರು. ವಾಹನದ ಕಟ್ಟಡ ರದ್ದಾಯಿತು. ನನ್ನ ಡ್ರಾಯಿಂಗ್ ಇಲ್ಲದಿದ್ದರೆ ಅಗಲ ಮಾಡಲು ನಿಮಗೆ ಬಾಗಿಲೇ ಇರುತ್ತಿರಲಿಲ್ಲ.

ಇನ್ನು ಆ ಗಾರೆಯವನು. ಆ ಬಾಗಿಲ ಚೌಕಟ್ಟು ನಿಮ್ಮ ಅಜ್ಜನಿಗಿಂತ ಹಳೆಯದು. ಅದನ್ನು ಅವನ ಕೈಗೆ ಕೊಟ್ಟಿದ್ದರೆ ಮಧ್ಯಾಹ್ನದೊಳಗೆ ಸೌದೆಯಾಗುತ್ತಿತ್ತು. ತಡೆದದ್ದು ಒಳ್ಳೆಯದೇ ಆಯಿತು ಎಂದರೆ ನಿಮಗೆ ಸಿಟ್ಟು ಬರುತ್ತದೆ. ಬರಲಿ.

ಸಮಿತಿಗೆ ಅನುಮತಿ ಕೇಳಿ ಅರ್ಜಿ ಕೊಡಿ. ಕಾರಣ ಸರಿಯಾಗಿದ್ದರೆ ಕೊಡುತ್ತಾರೆ. ಮುಂದಿನ ವಾರದಿಂದ ನಾನು ಅದೇ ಸಮಿತಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರುತ್ತಿದ್ದೇನೆ.

ಇಂತಿ,
ನಿಮ್ಮ ತಂಗಿಯ ಮಗಳು


ಜೂನ್ 22

ಮಹಾತಾಯಿ,

ಹುಟ್ಟಿದಾಗಿನಿಂದ ‘ನೀನು’ ಎನ್ನುತ್ತಿದ್ದವಳು ‘ನೀವು’ ಎಂದು ಬರೆದಿದ್ದೀಯ. ಸಿಟ್ಟು ಬಂದರೆ ನಿನಗೆ ಬಹುವಚನ ಬರುತ್ತದೆ. ನನಗೆ ಬರುವುದು ಬೈಗುಳ ಮಾತ್ರ.

ಓಣಿ ಉಳಿಸಿದೆ, ಒಪ್ಪಿದೆ. ವಾಹನದ ಕಟ್ಟಡ ಬಂದಿದ್ದರೆ ನಾವು ಬೀದಿಪಾಲಾಗುತ್ತಿದ್ದೆವು. ಈಗ ಬೀದಿಗೇ ಹೋಗಲಾಗದೆ ಕೂತಿದ್ದೇವೆ.

ಮಂಗಳವಾರದ ಕತೆ ಕೇಳು. ವ್ಯಾಯಾಮದ ದಿನ. ತಗಡಿನವರ ಮಗನೂ ಟೀ ಅಂಗಡಿಯವನೂ ಬಂದರು. ಒಬ್ಬ ನಿನ್ನ ದೊಡ್ಡಪ್ಪನ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲು ಹಿಡಿದ. ಬಾಗಿಲಲ್ಲಿ ಇಬ್ಬರು ಜೊತೆಯಾಗಿ ಹಿಡಿಸುವುದಿಲ್ಲ, ಅದು ನಿನಗೇ ಗೊತ್ತು, ನೀನೇ ಅಳೆದಿದ್ದೀಯ. ಓರೆ ಮಾಡಿದರು. ಹೊಸ್ತಿಲು ದಾಟುವಾಗ ಅವರ ಬಲಗೈ ಜೋತುಬಿದ್ದು ಚೌಕಟ್ಟಿಗೆ ಬಡಿಯಿತು. ಆ ಕೈಗೆ ನೋವು ಗೊತ್ತಾಗುವುದಿಲ್ಲ. ರಕ್ತ ಬಂದದ್ದನ್ನು ಅವರೇ ನೋಡಿದರು, ಯಾರದೋ ಕೈ ನೋಡಿದ ಹಾಗೆ. ಎದುರಿಗೆ ಟೀ ಕುಡಿಯುತ್ತಿದ್ದವರೆಲ್ಲ ಗ್ಲಾಸು ಕೆಳಗಿಟ್ಟು ನೋಡುತ್ತಿದ್ದರು. ನಲವತ್ತು ವರ್ಷ ಆ ಬಾಗಿಲಲ್ಲಿ ನಿಂತು ಬಂದವರ ಪುಸ್ತಕ ಕೈಗೆ ತೆಗೆದುಕೊಂಡು, ಅದರ ಬೆನ್ನು ಸವರಿ, ‘ಬೈಂಡ್ ಮಾಡಿಟ್ಟಿರ್ತೀನಿ, ಗುರುವಾರ ಬನ್ನಿ’ ಎಂದು ಹೇಳುತ್ತಿದ್ದ ಮನುಷ್ಯ. ಅವತ್ತು ಮೂಟೆಯ ಹಾಗೆ ಹೋದರು. ವಾಪಸ್ಸು ಬಂದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಗುರುವಾರ ತಗಡಿನವರ ಮಗ ಬಂದರೆ ತಲೆ ಅಲ್ಲಾಡಿಸಿದರು. ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ.

ಶನಿವಾರ ಇನ್ನೊಂದು ಮೆರವಣಿಗೆ. ನಿನ್ನ ಮೇಷ್ಟ್ರು ಒಂದು ಬಸ್ಸು ತುಂಬ ಹುಡುಗ ಹುಡುಗಿಯರನ್ನು ಕರೆತಂದು ನಮ್ಮ ಮನೆ ಮುಂದೆ ನಿಲ್ಲಿಸಿದರು. ಬಾಗಿಲು ತೆರೆದೇ ಇತ್ತು, ನಾನು ಒಳಗೆ ರಟ್ಟು ಕತ್ತರಿಸುತ್ತಿದ್ದೆ. “ಈ ಹೊಸ್ತಿಲು ನೋಡಿ. ಬೀದಿಯೂ ಮನೆಯೂ ಒಂದಕ್ಕೊಂದು ಮರ್ಯಾದೆ ಕೊಡುವ ಜಾಗ ಇದು” ಎಂದು ಶುರುಮಾಡಿದರು. ಅದು ನಿನ್ನ ಮಾತಂತೆ, ಅವರೇ ಹೇಳಿದರು. ಚರಂಡಿ ನೀರು ಒಳಗೆ ಬಾರದಿರಲೆಂದು ಇಟ್ಟ ಕಲ್ಲು ಅದು. ಮರ್ಯಾದೆಯಂತೆ! ಒಬ್ಬಳು ಹುಡುಗಿ ಕಿಟಕಿಯ ಹತ್ತಿರ ಬಂದು ಫೋನ್ ಎತ್ತಿ ನಿನ್ನ ದೊಡ್ಡಪ್ಪನಿಗೆ, “ತಾತ, ಸ್ವಲ್ಪ ಈ ಕಡೆ ನೋಡಿ, ನಗಿ” ಎಂದಳು.

ಅಂಟು ಕಲಸಿದ ಬಕೀಟು ತೊಳೆದ ನೀರು ಪಕ್ಕದಲ್ಲೇ ಇತ್ತು. ಎತ್ತಿ ಎರಚಿದೆ. ಮೇಷ್ಟ್ರ ಬೂಟು ನೆಂದಿತು. ಹುಡುಗಿಯ ಮೇಲೆ ಬೀಳಬಾರದಿತ್ತು, ಸ್ವಲ್ಪ ಬಿತ್ತು.

ಅರ್ಜಿ ಕೊಡು ಎಂದೆಯಲ್ಲ, ಕೊಟ್ಟೆ. ಸಮಿತಿ ಎರಡು ತಿಂಗಳಿಗೊಮ್ಮೆ ಸೇರುತ್ತದಂತೆ. ಡಾಕ್ಟರ ಆರು ತಿಂಗಳು ಯಾರಿಗೂ ಕಾಯುವುದಿಲ್ಲ.

ದೊಡ್ಡಮ್ಮ


ಜುಲೈ 9

ದೊಡ್ಡಮ್ಮ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕೂತರೆ ಪೆನ್ನು ಓಡುತ್ತಿರಲಿಲ್ಲ. ಕೈಗೆ ಪೆಟ್ಟಾದದ್ದನ್ನು ನೀನು ಎರಡೇ ಸಾಲಿನಲ್ಲಿ ಬರೆದಿದ್ದೀಯ. ಆ ಎರಡು ಸಾಲು ದಾಟಿ ಮುಂದೆ ಹೋಗಲು ನನಗೆ ಆಗಲಿಲ್ಲ.

ಕಾಗದ ಸಿಕ್ಕ ದಿನವೇ ಕಚೇರಿಯಲ್ಲಿ ನಿನ್ನ ಅರ್ಜಿ ಎಲ್ಲಿದೆ ಎಂದು ಹುಡುಕಿದೆ. ‘ಮುಂದಿನ ಸಭೆಗೆ’ ಎಂಬ ಕಟ್ಟಿನಲ್ಲಿ ಕೆಳಗಿತ್ತು. ಮೇಲೆ ಇಟ್ಟೆ. ಮಾರನೆಯ ದಿನ ನೋಡಿದರೆ ಮತ್ತೆ ಕೆಳಗೆ. ಮೇಷ್ಟ್ರ ಕೋಣೆಗೆ ಹೋದೆ. ಅವರು ಒಳ್ಳೆಯವರು, ದೊಡ್ಡಮ್ಮ, ನೀನು ನಂಬುವುದಿಲ್ಲ. ಐದು ವರ್ಷ ನನ್ನ ತಲೆ ಸವರಿ ಕಲಿಸಿದವರು. ಅದಕ್ಕೇ ನನಗೆ ಇಷ್ಟು ಉರಿಯುತ್ತಿದೆ.

“ಕೂತ್ಕೋ ಮಗು. ನಿಮ್ಮ ದೊಡ್ಡಮ್ಮ ಬಲು ಗಟ್ಟಿಗಿತ್ತಿ” ಎಂದು ನಕ್ಕರು. ಬೂಟಿನ ಕತೆ ಅವರೇ ಹೇಳಿದರು. ನಾನು ನಗಲಿಲ್ಲ.

“ಸರ್, ಒಂದೇ ಬಾಗಿಲು. ಕಾಯಿಲೆ ಮನುಷ್ಯ ಓಡಾಡೋಕೆ.”

“ಒಂದು ಬಾಗಿಲು ಬಿಟ್ಟರೆ ನಾಳೆ ಎಲ್ಲರೂ ಬರ್ತಾರೆ. ಒಬ್ಬರಿಗೆ ಶಟರ್ ಬೇಕು, ಒಬ್ಬರಿಗೆ ಗಾಜು ಬೇಕು. ಹಿಂದುಗಡೆ ಬಾಗಿಲಿಲ್ವಾ?”

“ಹಿಂದೆ ಗೋಡೆ, ಸರ್. ಅದರಾಚೆ ಇನ್ನೊಬ್ಬರ ಗೋಡೆ. ನನ್ನ ಡ್ರಾಯಿಂಗಲ್ಲೇ ಇದೆ. ನೀವೇ ಅಂಕ ಕೊಟ್ಟಿದ್ದೀರಿ.”

ಅದಕ್ಕೆ ಹೇಳಿದರು: “ಅವರನ್ನ ಸ್ವಲ್ಪ ದಿನ ಬೇರೆ ಮನೆಗೆ ಕರ್ಕೊಂಡು ಹೋಗಬಹುದಲ್ಲ? ಲಿಫ್ಟ್ ಇರೋ ಕಡೆ?”

ಓಣಿಯಲ್ಲಿ ಜನ ಬದುಕುತ್ತಾರೆ ಎನ್ನುವ ಕಾರಣಕ್ಕೆ ಓಣಿಯನ್ನು ಉಳಿಸಿ ಎಂದು ಬರೆದಿದ್ದೆ. ಓಣಿಯನ್ನು ಉಳಿಸಲು ಜನರನ್ನು ಬೇರೆ ಕಡೆ ಕಳಿಸಿ ಎಂದು ಅವರು ಹೇಳುತ್ತಿದ್ದರು. ಅದನ್ನು ಅವರ ಮುಖಕ್ಕೆ ಹೇಳಿದೆ. “ಸಿಟ್ಟಲ್ಲಿ ಕೆಲಸ ಆಗಲ್ಲ, ನಕ್ಷೆ ತಗೊಂಡು ಬಾ” ಎಂದರು.

ತೆಗೆದುಕೊಂಡು ಹೋಗುತ್ತೇನೆ. ಚರಂಡಿಯನ್ನು ಚಪ್ಪಡಿ ಹಾಕಿ ಮುಚ್ಚಿ ಹತ್ತು ವರ್ಷವಾಯಿತು, ಇನ್ನು ಆ ಕಲ್ಲಿಗೆ ಅಲ್ಲಿ ಕೆಲಸವಿಲ್ಲ. ಕಲ್ಲನ್ನು ಒಡೆಯದೆ ಎತ್ತಿ, ಇಳಿಜಾರಿನ ಅಂಚಿಗೆ ಉದ್ದಕ್ಕೆ ಮಲಗಿಸಿದರೆ ಗಾಲಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಚೌಕಟ್ಟಿನ ಎಡಗಡೆ ಮೊಳೆ ಹೊಡೆದು ಮುಚ್ಚಿಟ್ಟ ಹಲಗೆ ಇದೆಯಲ್ಲ, ಅದು ಹಿಂದೆ ಬಾಗಿಲೇ ಆಗಿತ್ತು. ಅದಕ್ಕೆ ತಿರುಗಣಿ ಕೀಲು ಹಾಕಿದರೆ ಚೌಕಟ್ಟಿಗೆ ಉಳಿ ತಾಗಿಸದೆ ಬಾಗಿಲು ಅಗಲವಾಗುತ್ತದೆ. ಓಣಿ ಇಕ್ಕಟ್ಟು, ಇಳಿಜಾರನ್ನು ನೇರಕ್ಕೆ ಬಿಡಲಾಗದು, ಗೋಡೆಯ ಪಕ್ಕಕ್ಕೆ ತಿರುಗಿಸಬೇಕು. ಮಳೆನೀರಿಗೆ ಅಡ್ಡಕ್ಕೊಂದು ಕಾಲುವೆ, ಮೇಲೆ ಕಬ್ಬಿಣದ ಜಾಲರಿ.

ಕುರ್ಚಿಯ ಅಗಲ ಅಳೆದು ಕಳಿಸು. ದೊಡ್ಡಪ್ಪ ಕೂತಾಗ ಎಡಗೈ ಎಷ್ಟು ಎತ್ತರಕ್ಕೆ ನಿಲುಕುತ್ತದೆ ಎನ್ನುವುದನ್ನೂ ಬರೆ. ಅಗುಳಿ ಅಲ್ಲಿಗೇ ಇರಬೇಕು.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಇನ್ನೂ ಬೈಯುತ್ತೀಯ.

ಮೊಂಡಿ


ಜುಲೈ 15

ಮೊಂಡಿ,

ಅಳತೆ ಬೇರೆ ಚೀಟಿಯಲ್ಲಿದೆ. ಕೈ ಅಳೆಯಲು ಹೋದರೆ ದೊಡ್ಡಪ್ಪ ಟೇಪು ಕಿತ್ತುಕೊಂಡರು. ಮಾತು ಇನ್ನೂ ತೊದಲು, ಆದರೆ ಬೈಗುಳ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಅವರೇ ಎಡಗೈ ಎತ್ತಿ ಗೋಡೆಗೆ ಒತ್ತಿ ಹಿಡಿದುಕೊಂಡರು, ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಹೋದ ವರ್ಷ ಮೊಳೆ ಅಳೆದೆ, ಸರಳು ಅಳೆದೆ, ಕಲ್ಲಿನ ಸವಕಲು ಅಳೆದೆ. ಮನುಷ್ಯರನ್ನು ಅಳೆಯಲು ನಿನಗೆ ಈಗ ನೆನಪಾಯಿತು.

ಮೊನ್ನೆ ನಿನ್ನ ಕಚೇರಿಯಿಂದ ಒಬ್ಬ ಬಂದಿದ್ದ. ಬಿಸಿಲಿಗೆಂದು ಕಿಟಕಿಗೆ ಕಟ್ಟಿದ ನೀಲಿ ಪ್ಲಾಸ್ಟಿಕ್ ಹಾಳೆ ಓಣಿಯ ಅಂದಕ್ಕೆ ಹೊಂದುವುದಿಲ್ಲವಂತೆ, ತೆಗೆಯಬೇಕಂತೆ. “ನನ್ನ ಮುಖವೂ ಹೊಂದಲ್ಲ, ಅದಕ್ಕೇನು ಮಾಡ್ತೀಯ?” ಎಂದು ಕೇಳಿದೆ. ಬರೆದುಕೊಂಡು ಹೋದ.

ಜುಲೈ ಅರ್ಧ ಮುಗಿಯಿತು. ನಿನ್ನ ದೊಡ್ಡಪ್ಪ ಕಿಟಕಿ ಬಿಟ್ಟು ಕದಲುತ್ತಿಲ್ಲ. ಬಲಗೈ ಬೆರಳು ಮುಷ್ಟಿಯಾಗಿ ಬಿಗಿಯುತ್ತಿವೆ. ದಿನಾ ಬಿಸಿನೀರಿನಲ್ಲಿ ಅದ್ದಿ ಒಂದೊಂದೇ ಬಿಡಿಸುತ್ತೇನೆ, ಬೆಳಿಗ್ಗೆ ನೋಡಿದರೆ ಮತ್ತೆ ಮುಚ್ಚಿರುತ್ತವೆ.

ದೊಡ್ಡಮ್ಮ


ಆಗಸ್ಟ್ 17

ದೊಡ್ಡಮ್ಮ,

ನಿನ್ನೆ ಸಭೆ ನಡೆಯಿತು. ಇಲ್ಲ ಎಂದರು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಉದ್ದದ ಮೇಜು, ನೀರಿನ ಬಾಟಲಿಗಳು. ನನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿ ವಿವರಿಸಿದೆ. ಕಲ್ಲು ಒಡೆಯುವುದಿಲ್ಲ, ಚೌಕಟ್ಟು ಮುಟ್ಟುವುದಿಲ್ಲ, ಬೇಕೆಂದಾಗ ಎಲ್ಲವನ್ನೂ ಮೊದಲಿನ ಹಾಗೆ ಮಾಡಬಹುದು ಎಂದೆ. ಒಬ್ಬ ಸದಸ್ಯರು ಕನ್ನಡಕದ ಮೇಲಿಂದ ನೋಡಿ, “ಪೇಶೆಂಟಿಗೆ ವಯಸ್ಸೆಷ್ಟು?” ಎಂದರು.

“ಅರವತ್ತೆಂಟು.”

ಅವರು ತಲೆಯಾಡಿಸಿ ಏನನ್ನೋ ಬರೆದುಕೊಂಡರು. ಆ ತಲೆಯಾಡಿಸಿದ್ದರ ಅರ್ಥ ನನಗೆ ಆಯಿತು. ‘ಇನ್ನೆಷ್ಟು ದಿನ, ಆಮೇಲೆ ಈ ತೊಂದರೆ ತಾನೇ ಇರುವುದಿಲ್ಲ’ ಎಂದು. ಮೇಜಿನ ಮೇಲಿದ್ದ ಬಾಟಲಿಯೊಂದನ್ನು ಎತ್ತಿ ಎಸೆಯಬೇಕು ಅನ್ನಿಸಿತು. ನೀನಾಗಿದ್ದರೆ ಎಸೆದಿರುತ್ತಿದ್ದೆ.

ಕೊನೆಗೆ ಮೇಷ್ಟ್ರು ಎದ್ದು ನಿಂತರು. ನನ್ನ ಪರವಾಗಿ ಮಾತಾಡುತ್ತಾರೆಂದುಕೊಂಡೆ. ಅವರು ನನ್ನದೇ ಪುಸ್ತಕ ತೆರೆದು, ನನ್ನದೇ ವಾಕ್ಯ ಓದಿದರು: “ಈ ಹೊಸ್ತಿಲುಗಳನ್ನು ಮುಟ್ಟಿದ ದಿನ ಈ ಓಣಿ ಓಣಿಯಾಗಿ ಉಳಿಯುವುದಿಲ್ಲ.” ಓದಿ, ಎಲ್ಲರನ್ನೂ ನೋಡಿ, “ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ” ಎಂದು ಕೂತರು.

“ಸರ್, ಅದು ವಾಹನದ ಕಟ್ಟಡದ ವಿರುದ್ಧ ಬರೆದದ್ದು. ನನ್ನ ದೊಡ್ಡಪ್ಪನ ವಿರುದ್ಧ ಅಲ್ಲ.”

“ಬರೆದ ಮೇಲೆ ಅದು ನಿನ್ನದಲ್ಲಮ್ಮ, ಸಮಿತಿಯದು.”

“ಹಾಗಾದರೆ ಆ ಪುಸ್ತಕ ಬರೆಯೋಕೆ ಟೇಪು ಹಿಡಿದೋರು, ಊಟ ಹಾಕಿದೋರು, ಅವರೂ ಸಮಿತಿಯವರಾ? ಅವರಿಗೆ ಈ ಮೇಜಿನಲ್ಲಿ ಕುರ್ಚಿ ಎಲ್ಲಿ?”

ಅವರು ‘ಮೂಲ ಸ್ವರೂಪಕ್ಕೆ ಧಕ್ಕೆ’ ಎಂದು ಬರೆದು ಮುಂದಿನ ಅರ್ಜಿಗೆ ಹೋದರು. ಮುಂದಿನ ಅರ್ಜಿ ಓಣಿಯ ತುದಿಯಲ್ಲಿ ನೆನಪಿನ ಸಾಮಾನು ಮಾರುವ ಅಂಗಡಿಯದು. ಅದಕ್ಕೆ ಗಾಜಿನ ಬಾಗಿಲು ಬೇಕಂತೆ. ಮರದ ಅಂಚು ಇಟ್ಟರೆ ಸಾಕು ಎಂದು ಒಪ್ಪಿಕೊಂಡರು.

ಭಾನುವಾರ ಬರುತ್ತಿದ್ದೇನೆ. ಮುಂಬಾಗಿಲ ಹತ್ತಿರದ ಸಾಮಾನು ಒಳಗೆ ಸರಿಸಿಡು.

ಮೊಂಡಿ


ಆಗಸ್ಟ್ 20

ಮೊಂಡಿ,

ಬರಬೇಡ.

ನೀನು ಬಂದು ಏನು ಮಾಡುತ್ತೀಯ ಎಂದು ನನಗೆ ಗೊತ್ತಿದೆ. ಸರ್ಟಿಫಿಕೇಟು ಇನ್ನೂ ನಿನ್ನ ಕೈಗೆ ಬಂದಿಲ್ಲ. ಐದು ವರ್ಷ ಓದಿಸಲು ನಿನ್ನ ಅಮ್ಮ ಎಷ್ಟು ಪಾಡುಪಟ್ಟಿದ್ದಾಳೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನ ಮೇಲೆ ಸಿಟ್ಟು ಬೆಟ್ಟದಷ್ಟಿದೆ. ಹಾಗೆಂದು ನೀನು ಹಾಳಾಗಿ ಹೋಗು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಎರಡೂ ಬೇರೆ ಬೇರೆ.

ನೀನು ಕಳಿಸಿದ ನಕ್ಷೆಯನ್ನು ಕತ್ತರಿಸುವ ಮೇಜಿನ ಮೇಲೆ ಹಾಸಿದ್ದೆ. ದೊಡ್ಡಪ್ಪ ಕುರ್ಚಿ ಸರಿಸಿಕೊಂಡು ಬಂದು ಬಹಳ ಹೊತ್ತು ನೋಡಿದರು. ಇಳಿಜಾರಿನ ಮೇಲೆ ಗಾಲಿಕುರ್ಚಿಯಲ್ಲಿ ಒಬ್ಬ ಮನುಷ್ಯನನ್ನು ಬರೆದಿದ್ದೀಯಲ್ಲ, ಅವನ ಮೇಲೆ ಎಡಗೈ ಬೆರಳಿಟ್ಟು, “ಇದು... ನಾನಾ?” ಎಂದರು. ಹೌದು ಎಂದೆ. “ಹೊಟ್ಟೆ... ಜಾಸ್ತಿ ಬರೆದಿದ್ದಾಳೆ” ಎಂದರು. ಎಷ್ಟೋ ತಿಂಗಳ ಮೇಲೆ ಅವರು ಪೂರ್ತಿ ಹೇಳಿದ ಮಾತು.

ಬರಬೇಡ ಎಂದು ಮತ್ತೆ ಹೇಳುತ್ತಿದ್ದೇನೆ. ಗಾರೆಯವನನ್ನು ಕೇಳಿದೆ, ಕೇಸಿನ ಭಯ, ಬರುವುದಿಲ್ಲ ಎಂದ. ನಿನ್ನೆ ಟೀ ಕುಡಿಯಲು ಈ ಕಡೆ ಬಂದವನು ಉಳಿ, ಸುತ್ತಿಗೆ, ಹಾರೆ ಎಲ್ಲವನ್ನೂ ನಮ್ಮ ಜಗಲಿಯ ಮೇಲೆ ಮರೆತು ಹೋಗಿದ್ದಾನೆ.

ದೊಡ್ಡಮ್ಮ


ಆಗಸ್ಟ್ 26

ಮಾನ್ಯ ಮೇಷ್ಟ್ರಿಗೆ,

ಮೊನ್ನೆ ಭಾನುವಾರ, ಪಟ್ಟಿಯಲ್ಲಿರುವ ರಟ್ಟು ಕಟ್ಟುವವರ ಮನೆಯ ಹೊಸ್ತಿಲ ಕಲ್ಲನ್ನು ನಾನು ಎತ್ತಿಸಿ ಬೇರೆಡೆ ಇಟ್ಟಿದ್ದೇನೆ. ಎಡಗಡೆಯ ಹಲಗೆಯ ಮೊಳೆ ಕಿತ್ತು ತಿರುಗಣಿ ಹಾಕಿದ್ದೇನೆ. ಇಳಿಜಾರು ಕಟ್ಟಿದ್ದೇನೆ. ಸಮಿತಿಯ ಅನುಮತಿ ಇರಲಿಲ್ಲ. ಮನೆಯವರ ಒಪ್ಪಿಗೆಯೂ ಇರಲಿಲ್ಲ. ಬರಬೇಡ ಎಂದು ಅವರು ಕಾಗದ ಬರೆದು ತಡೆದಿದ್ದರು. ಆದ್ದರಿಂದ ಕ್ರಮ ಕೈಗೊಳ್ಳುವುದಾದರೆ ನನ್ನ ಒಬ್ಬಳ ಮೇಲೆ ಕೈಗೊಳ್ಳಿ. ಬಾಗಿಲು ಈಗ ಹೇಗಿದೆ ಎಂಬುದರ ಅಳತೆಯ ನಕ್ಷೆ ಇದರ ಜೊತೆಗಿದೆ. ಪುಸ್ತಕದಲ್ಲಿ ಹಳೆಯದನ್ನು ತೆಗೆದು ಇದನ್ನು ಸೇರಿಸಬೇಕು, ಏಕೆಂದರೆ ಆ ಮನೆ ಈಗ ಹೀಗಿದೆ.

ನೀವು ಸಭೆಯಲ್ಲಿ ಓದಿದ ವಾಕ್ಯವನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ಅದು ಕೇಳಲು ಚೆನ್ನಾಗಿತ್ತು, ಅಷ್ಟೆ. ನೀವು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಭಲೇ’ ಎಂದು ಬರೆದ ದಿನ ನಾನು ಹಿಗ್ಗಿ ಹೋಗಿದ್ದೆ. ಆ ಮನೆಯಲ್ಲಿ ಮುದುಕರಾಗುವವರು ಇದ್ದಾರೆ, ಕಾಯಿಲೆ ಬೀಳುವವರು ಇದ್ದಾರೆ ಎನ್ನುವ ಒಂದು ಗೆರೆಯೂ ಆ ಇಡೀ ಪುಸ್ತಕದಲ್ಲಿ ಇಲ್ಲ. ನಾನು ಬರೆಯಲಿಲ್ಲ, ನೀವು ಕೇಳಲಿಲ್ಲ. ನನ್ನ ಸಿಟ್ಟು ನಿಮ್ಮ ಮೇಲೆ ಮಾತ್ರ ಎಂದುಕೊಳ್ಳಬೇಡಿ.

ಆದರೆ ನಾನು ನೋಡಿದ ಮೇಲೆ ತಿದ್ದಿದೆ. ನೀವು ನೋಡಿದ ಮೇಲೂ ನನ್ನ ವಾಕ್ಯ ಓದಿದಿರಿ. ಗಾಜಿನ ಬಾಗಿಲಿಗೆ ಒಪ್ಪಿದಿರಿ.

ಕಚೇರಿಯ ಕೆಲಸಕ್ಕೆ ಇವತ್ತಿನಿಂದ ಬರುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ


ಸೆಪ್ಟೆಂಬರ್ 30

ಮೊಂಡಿ,

ನಿನ್ನೆ ಸಮಿತಿಯವರು ಬಂದಿದ್ದರು. ಮೇಷ್ಟ್ರು ಬಂದಿರಲಿಲ್ಲ, ನೀನು ಅವರಿಗೆ ಬರೆದ ಕಾಗದ ಮಾತ್ರ ಬಂದಿತ್ತು. ‘ಮನೆಯವರ ಒಪ್ಪಿಗೆ ಇರಲಿಲ್ಲ’ ಎಂದು ಬರೆದಿದ್ದೀಯ. ಸುಳ್ಳುಬುರುಕಿ. ಹಾರೆಯ ಇನ್ನೊಂದು ಕಡೆ ಜೋತುಬಿದ್ದವಳು ಯಾರು? ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ, ಅದನ್ನು ಯಾರ ಲೆಕ್ಕಕ್ಕೆ ಬರೆಯಲಿ?

ಅವರಿಗೆ ಅದನ್ನೇ ಹೇಳಿದೆ. “ಆ ಹುಡುಗಿ ನನ್ನನ್ನ ಬಚಾವ್ ಮಾಡೋಕೆ ಹಾಗೆ ಬರೆದಿದ್ದಾಳೆ. ಕಲ್ಲು ತೆಗೆದದ್ದು ನಾನು. ಬರ್ಕೊಳ್ಳಿ.” ಆತ ಪೆನ್ನು ಹಿಡಿದು ಯಾರ ಹೆಸರು ಬರೆಯಬೇಕೆಂದು ತಿಳಿಯದೆ ಇಬ್ಬರದೂ ಬರೆದುಕೊಂಡ. ಒಂದು ತಿಂಗಳೊಳಗೆ ಕಲ್ಲನ್ನು ಮೊದಲಿನ ಜಾಗದಲ್ಲಿ ಇಡಬೇಕಂತೆ. “ಇಡೋದಾದರೆ ನೀವೇ ಬಂದು ಇಡಿ. ನಾನು ಬಾಗಿಲಲ್ಲೇ ಕೂತಿರ್ತೀನಿ, ನನ್ನನ್ನ ಎತ್ತಿ ಪಕ್ಕಕ್ಕಿಟ್ಟು ಆಮೇಲೆ ಕಲ್ಲು ಇಡಿ” ಎಂದೆ. ಅಷ್ಟರಲ್ಲಿ ಟೀ ಅಂಗಡಿಯ ಮುಂದೆ ಜನ ಸೇರಿದ್ದರು. ತಗಡಿನವನ ಹೆಂಡತಿ ಸೊಂಟಕ್ಕೆ ಕೈಯಿಟ್ಟು, “ನಮ್ಮನೇಲಿ ಬಚ್ಚಲು ಕಟ್ಟಿಸೋಕೂ ಮೂರು ತಿಂಗಳಿಂದ ಆಟ ಆಡಿಸ್ತಿದ್ದೀರಲ್ಲ, ಅದಕ್ಕೂ ಉತ್ತರ ಕೊಟ್ಟು ಹೋಗಿ” ಎಂದು ಅಡ್ಡ ನಿಂತಳು. ಅವರು ಜೀಪು ಹತ್ತಿದ ಮೇಲೂ ಅವಳ ಬಾಯಿ ನಿಲ್ಲಲಿಲ್ಲ. ಮುಂದಿನ ತಿಂಗಳು ಇಪ್ಪತ್ತಕ್ಕೆ ವಿಚಾರಣೆ ಇಟ್ಟಿದ್ದಾರೆ. ಓಣಿಯವರೆಲ್ಲ ಬರುತ್ತಾರಂತೆ.

ನಿನ್ನ ಬಹುಮಾನ ವಾಪಸ್ಸು ಕೇಳಿದ್ದಾರೆ, ಸರ್ಟಿಫಿಕೇಟು ತಡೆದಿಟ್ಟಿದ್ದಾರೆ ಎಂದು ನಿನ್ನ ಅಮ್ಮ ಅಳುತ್ತಾ ಫೋನ್ ಮಾಡಿದ್ದಳು. “ಅವಳಿಗೆ ನೀನಾದರೂ ಬುದ್ಧಿ ಹೇಳಬಾರದಿತ್ತಾ ಅಕ್ಕಾ?” ಎಂದಳು. ಹೇಳಿದ್ದೆ ಎಂದೆ. ಯಾವ ಬುದ್ಧಿ ಎಂದು ಹೇಳಲಿಲ್ಲ.

ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗುತ್ತೇವೆ. ಯಾರೂ ಎತ್ತುವುದಿಲ್ಲ. ಬಲಗೈಯ ಹೆಬ್ಬೆರಳೂ ತೋರುಬೆರಳೂ ಸ್ವಲ್ಪ ಆಡುತ್ತಿವೆ. ಉಳಿದವು ಆಡುವುದಿಲ್ಲವಂತೆ. ವ್ಯಾಯಾಮ ಮಾಡಿಸುವ ಹುಡುಗಿ, “ಎರಡು ತಿಂಗಳು ತಪ್ಪಿಸಬಾರದಿತ್ತಮ್ಮ” ಎಂದಳು. ಅವಳಿಗೇನು ಗೊತ್ತು. ಆ ಎರಡು ತಿಂಗಳನ್ನು ನಾನು ಯಾರ ಬಾಗಿಲು ತಟ್ಟಿ ಕೇಳಲಿ? ನಿನ್ನ ಮೇಷ್ಟ್ರನ್ನೋ? ನಿನ್ನನ್ನೋ? ನಿನ್ನ ದೊಡ್ಡಪ್ಪ ಪುಸ್ತಕದ ಬೆನ್ನ ಮೇಲೆ ಬಂಗಾರದ ಅಕ್ಷರ ಒತ್ತುತ್ತಿದ್ದ ಕೈ ಅದು. ಇನ್ನು ಒತ್ತುವುದಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಮೊಂಡಿ. ಇಳಿದಿದೆ ಎಂದು ಬರೆದರೆ ನಾನೂ ನಿನ್ನ ಹಾಗೆ ಸುಳ್ಳು ಬರೆದಂತೆ.

ಮೊನ್ನೆ ಬೆಳಿಗ್ಗೆ ಇನ್ನೊಂದು ಆಯಿತು. ನಾನು ಒಳಗೆ ಅಂಟು ಕಾಯಿಸುತ್ತಿದ್ದೆ. ಅಗುಳಿ ತೆಗೆದ ಸದ್ದಾಯಿತು. ಬಂದು ನೋಡುವಷ್ಟರಲ್ಲಿ ಇವರು ಎಡಗೈಯಲ್ಲಿ ಗಾಲಿ ನೂಕಿ, ಎಡಗಾಲಿನಲ್ಲಿ ನೆಲ ಒದ್ದು ಒಬ್ಬರೇ ಹೊರಟಿದ್ದಾರೆ. ಇಳಿಜಾರಿನಲ್ಲಿ ಕುರ್ಚಿ ಕೈ ಮೀರಿತು. ನಾನು ಕೂಗುತ್ತಾ ಹಿಂದೆ ಓಡಿದೆ. ಇಳಿಜಾರು ಮುಗಿದರೂ ನಿಲ್ಲದೆ ಹೋಗಿ ಟೀ ಅಂಗಡಿಯ ಬೆಂಚಿಗೆ ಗುದ್ದಿದರು, ಗ್ಲಾಸುಗಳೆಲ್ಲ ಪುಡಿಪುಡಿ. ನಡುಬೀದಿಯಲ್ಲಿ ನಿಂತು ಅವರಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಅಂಗಡಿಯವನಿಗೆ ಎರಡು ಬೆರಳು ತೋರಿಸಿ ಟೀ ಹೇಳಿದರು. ಒಂದು ನನಗೆ.

ಇಳಿಜಾರು ಕಡಿದಾಗಿದೆ. ತಿರುವಿನ ಹತ್ತಿರ ಸಪಾಟು ಜಾಗ ಬಿಟ್ಟಿಲ್ಲ. ಅವಸರದಲ್ಲಿ ಕಟ್ಟಿದ್ದು ಕಣ್ಣಿಗೇ ಕಾಣುತ್ತದೆ. ವಿಚಾರಣೆಗೆ ಮುಂಚೆ ಬಂದು ಸರಿ ಮಾಡು. ಅವತ್ತು ಸಮಿತಿಯವರೆಲ್ಲ ಮತ್ತೆ ನೋಡಲು ಬರುತ್ತಾರೆ. ಕಾನೂನು ಮುರಿದಿರಿ ಎಂದು ಬೈಯಲಿ, ಬೈಸಿಕೊಳ್ಳೋಣ. ಕೆಲಸ ಕೆಟ್ಟದ್ದು ಎಂದು ಮಾತ್ರ ನಾನು ಬೈಸಿಕೊಳ್ಳುವವಳಲ್ಲ.

ದೊಡ್ಡಮ್ಮ